ಕಾಲಿಗೆ ಕೆಂಪು ದಾರವಿದ್ದ ಗಿಣಿಯ ಬಗ್ಗೆ

ಹೆಸರು: ಇಸೊಲಿನಾ ಯಗುವಾನ, ಗಂಡ ದಿವಂಗತ ಸೆಗುಂದೊ ಹುಂಬೊ. ವಯಸ್ಸು: 58 ವರ್ಷ. ಕಸುಬು: ಮೇಕೆ ಸಾಕಣೆ ಮತ್ತು ಮೇಕೆ ಹಾಲಿನ ಚೀಸ್ ಮಾರಾಟ. ವಾಸ: ಲಾಸ್ ಪಿತಾಯಾಸ್ ಹಳ್ಳಿ, ಸಪೊತಿಯೊ ತಾಲ್ಲೂಕು, ಲೋಹಾ ಪ್ರಾಂತ್ಯ, ಎಕ್ವಡಾರ್.

ನಾನು ಈ ದಿನ ಬೆಳಿಗ್ಗೆ 10 ಗಂಟೆಗೆ, ಯಾರೂ ಕರೆಯದಿದ್ದರೂ ನಾನಾಗಿಯೇ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದೇನೆಂದರೆ, ನಮ್ಮ ಹಳ್ಳಿಯ ಎರಾಸ್ಮೊ ಕಾಲ್ವ ಎಂಬುವನು ತನ್ನ ಮೆಕ್ಕೆಜೋಳದ ಹೊಲದಲ್ಲಿ ಗಿಣಿಗಳಿಗೆ ಗುಂಡು ಹೊಡೆದ ವಿಷಯವಾಗಿ ನನ್ನ ಮೊಮ್ಮಗಳು ಯಾದಿರಾ, ವಯಸ್ಸು 5 ವರ್ಷ, ಇವಳನ್ನು ವಿಚಾರಿಸಬೇಕೆಂದು ಕಳೆದ ಶುಕ್ರವಾರ ಇಬ್ಬರು ಪೊಲೀಸರು ನಮ್ಮ ಮನೆಗೆ ಬಂದಿದ್ದರು. ಮಗುವನ್ನು ಕೇಳಬಾರದು. ಕೇಳುವುದಿದ್ದರೆ ನನ್ನನ್ನು ಕೇಳಬೇಕು. ಅವಳು ಕಂಡದ್ದನ್ನೆಲ್ಲ ಪಕ್ಕದಲ್ಲೇ ನಿಂತು ನಾನೂ ಕಂಡಿದ್ದೇನೆ.

ಯಾದಿರಾ ನನ್ನ ಮಗಳ ಮಗಳು. ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಾಗ ಮಗುವಿಗೆ ಒಂದು ವರ್ಷ. ಅಲ್ಲಿಂದ ನನ್ನ ಜೊತೆ ಇದೆ. ಮಗುವಿಗೆ ನಾಲ್ಕು ತುಂಬುತ್ತ ಬಂದರೂ ಒಂದು ಮಾತೂ ಬಂದಿರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಕಾಯಿರಿ ಎಂದರು. ಕಾಯುವುದು ನಮ್ಮ ಕಡೆಯವರಿಗೆ ಹೊಸತಲ್ಲ, ಮಳೆಗೂ ಕಾಯುತ್ತೇವೆ. ಆದರೆ ನೀರಿನ ಸರದಿಯಲ್ಲಿ ನಿಂತ ಹೆಂಗಸರು ಮಗುವಿನ ಎದುರಿಗೇ 'ಅಯ್ಯೋ ಪಾಪ, ಮೂಗಿ' ಎಂದಾಗ ನಾನು ಅವಳ ಕಿವಿ ಮುಚ್ಚುತ್ತಿದ್ದೆನು.

ಎರಾಸ್ಮೊ ಕಾಲ್ವ ನನ್ನ ಪಕ್ಕದ ಹೊಲದವನು. ಮಗುವಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಧರ್ಮತಂದೆಯಾಗಿ ನಿಂತವನು. ಆ ನಂಟಿನಿಂದ ನನ್ನನ್ನು ಕೊಮಾದ್ರೆ ಎಂದೇ ಕರೆಯುತ್ತಾನೆ. ಕಳೆದ ವರ್ಷ ಫೆಬ್ರವರಿಯಲ್ಲಿ ಅವನ ಬೇಲಿಯ ಒಣಮರವೊಂದು ಬಿದ್ದು, ಕೊಂಬೆಗೆ ಕಟ್ಟಿದ್ದ ಗೆದ್ದಲುಗೂಡು ಒಡೆಯಿತು. ನಮ್ಮ ಕಡೆಯ ಗಿಣಿಗಳು ಅಂಥ ಗೂಡು ಕೊರೆದೇ ಮರಿ ಮಾಡುತ್ತವೆ, ಅದರೊಳಗೆ ಮರಿಗಳಿದ್ದವು. ಬದುಕಿದ್ದ ಒಂದನ್ನು ಅವನು ಟೋಪಿಯಲ್ಲಿಟ್ಟುಕೊಂಡು ನಮ್ಮ ಮನೆಗೆ ತಂದನು. 'ತಗೊ ಕೊಮಾದ್ರೆ, ಇದರ ಎಂಜಲು ತಿನ್ನಿಸು. ಆಮೇಲೆ ಹುಡುಗಿ ಬಾಯಿ ಮುಚ್ಚಿಸೋಕೆ ನನ್ನ ಕರೀಬೇಡ' ಎಂದು ಹೇಳಿದನು. ಗಿಣಿ ಕಚ್ಚಿಬಿಟ್ಟ ರೊಟ್ಟಿ ತಿಂದರೆ ಮಾತು ಬಾರದ ಮಕ್ಕಳಿಗೆ ಮಾತು ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಕಾಡಿನ ಹಕ್ಕಿಯನ್ನು ಸಾಕುವುದು ಅಪರಾಧವೆಂದು ತಿಳಿದಿತ್ತೇ ಎಂದು ಸಾರ್ಜೆಂಟರು ಕೇಳಿದ್ದಕ್ಕೆ, ತಿಳಿದಿತ್ತು ಎಂದು ಉತ್ತರಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಈ ಬೂದುಗೆನ್ನೆಯ ಗಿಣಿಗಳ ಹಿಂಡು ಇಳಿದರೆ ಬೋಳು ಬೂರುಗದ ಮರಕ್ಕೆ ಎಲೆ ಬಂದಂತೆ ಕಾಣುತ್ತಿತ್ತು. ವ್ಯಾಪಾರಿಗಳು ಮರಿಗಳನ್ನು ಹಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿ ಗಡಿಯ ನದಿ ದಾಟಿಸುವಾಗ ಯಾರೂ ಯಾರಿಂದಲೂ ಹೇಳಿಕೆ ಬರೆಸಿಕೊಳ್ಳಲಿಲ್ಲ. ಈಗ ನಮ್ಮ ಹಳ್ಳಿಗೆ ಉಳಿದಿರುವುದು ಹದಿನೈದಿಪ್ಪತ್ತು ಗಿಣಿಗಳ ಒಂದೇ ಹಿಂಡು. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಮರಿಗೆ ಪಂಚೊ ಎಂದು ಹೆಸರಿಟ್ಟೆವು. ಜೋಳದ ಗಂಜಿ ಕುಡಿಸಿ ಬೆಳೆಸಿದೆನು. ಹಾರಿಹೋಗದಂತೆ ಒಂದು ಕಡೆಯ ಗರಿ ಕತ್ತರಿಸಿದೆನು. ದಿನವೂ ಬೆಳಿಗ್ಗೆ ರೊಟ್ಟಿಯನ್ನು ಮೊದಲು ಪಂಚೊ ಕಚ್ಚುತ್ತಿತ್ತು, ಅದೇ ತುಂಡನ್ನು ಆಮೇಲೆ ಯಾದಿರಾ ತಿನ್ನುತ್ತಿದ್ದಳು. ಈ ಮಗುವಿಗೆ ಮಾತು ಬಂದರೆ ಈ ಹಕ್ಕಿಗೆ ಅದರ ಆಕಾಶ ವಾಪಸ್ ಕೊಡುತ್ತೇನೆ ಎಂದು ನಾನು ಎಲ್ ಸಿಸ್ನೆ ಮಾತೆಗೆ ಹರಕೆ ಹೊತ್ತೆನು.

ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಹಿಂದಿನಿಂದ 'ಬಾ' ಎಂದು ಯಾರೋ ಕರೆದರು. ತಿರುಗಿ ನೋಡಲಾಗಿ ಯಾದಿರಾ ರೊಟ್ಟಿ ಚೂರು ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. 'ಪಂಚೊ, ಬಾ' ಎಂದು ಇನ್ನೊಮ್ಮೆ ಕರೆದಳು. ಪಂಚೊ ಕುಪ್ಪಳಿಸುತ್ತ ಬಂದಿತು. ಮೇಕೆ ಪಾತ್ರೆಯನ್ನು ಒದ್ದು ಹಾಲೆಲ್ಲ ಚೆಲ್ಲಿತು, ನಾನು ಕೈ ಹಚ್ಚಲಿಲ್ಲ, ಅಲ್ಲೇ ಕುಳಿತು ಅತ್ತೆನು.

ಕತ್ತರಿಸಿದ ಗರಿ ಬೆಳೆಯುವ ತನಕ ಕಾದು ನವೆಂಬರಿನಲ್ಲಿ ಪಂಚೊವನ್ನು ಬಿಡಲು ಸಿದ್ಧಳಾದೆನು. 'ಹರಕೆ ನಿಂದು, ಹದ್ದಿನ ಬಾಯಿಗೆ ಬೀಳೋದು ಅದು. ಒಳ್ಳೇ ನ್ಯಾಯ' ಎಂದು ಎರಾಸ್ಮೊ ಅಣಕಿಸಿದನು. 'ಹರಕೆ ತಪ್ಪಿಸಿ, ಬಂದ ಮಾತನ್ನ ಆ ತಾಯಿ ವಾಪಸ್ ಇಸ್ಕೊಂಡ್ರೆ ನೀನು ತಂದ್ಕೊಡ್ತೀಯಾ?' ಎಂದು ನಾನು ಕೇಳಿದೆನು. ದೃಷ್ಟಿ ತಾಕದಿರಲೆಂದು ಕೂಸುಗಳ ಕೈಗೆ ಕಟ್ಟುವ ಕೆಂಪು ದಾರವನ್ನು ಪಂಚೊವಿನ ಕಾಲಿಗೆ ಕಟ್ಟಿ ಬಿಟ್ಟೆನು. ಠಾಣೆಯಲ್ಲಿ ನನಗೆ ತೋರಿಸಿದ ದಾರ ಅದೇ ಆಗಿರುತ್ತದೆ.

ಕೆಲವು ದಿನ ಒಂಟಿಯಾಗಿದ್ದು ಪಂಚೊ ಹಿಂಡಿಗೆ ಸೇರಿಕೊಂಡಿತು. ಆದರೂ ಪ್ರತಿದಿನ ಬೆಳಗಾಗುತ್ತಲೇ ಮಗು ಬೇಲಿಯ ಬಳಿ ನಿಂತು 'ಬಾ' ಎಂದರೆ ಇಳಿದು ಬಂದು ಹೆಗಲ ಮೇಲೆ ಕೂತು ರೊಟ್ಟಿ ಕಚ್ಚುತ್ತಿತ್ತು. ಉಳಿದ ಗಿಣಿಗಳು ಬೂರುಗದ ಮರದಲ್ಲಿ ಗದ್ದಲ ಮಾಡುತ್ತ ಅದಕ್ಕಾಗಿ ಕಾಯುತ್ತಿದ್ದವು. ಅಷ್ಟರಲ್ಲಿ ಮಗುವಿಗೆ ಅಜ್ಜಿ, ನೀರು, ಕೊಡಲ್ಲ, ಇಷ್ಟು ಮಾತುಗಳು ಬಂದಿದ್ದವು. 'ಕೊಡಲ್ಲ' ಎಂಬುದನ್ನು ಬಹಳ ಚೆನ್ನಾಗಿ ಹೇಳುತ್ತಿದ್ದಳು.

ಈ ತಿಂಗಳು ಎರಾಸ್ಮೊನ ಹೊಲದಲ್ಲಿ ಜೋಳ ಹಾಲು ತುಂಬಿತ್ತು. ಹಿಂಡು ತೆನೆಗಳಿಗೆ ಬೀಳತೊಡಗಿತು. 'ನಿನ್ನ ಹಕ್ಕಿಗೆ ಬುದ್ಧಿ ಹೇಳು, ನೆಂಟರನ್ನೆಲ್ಲ ಕಟ್ಕೊಂಡು ಊಟಕ್ಕೆ ಬರ್ತಾನೆ' ಎಂದು ಅವನು ಮೊದಲು ನಗುತ್ತ ಹೇಳಿದನು. ಏಪ್ರಿಲ್ 8ರ ಸಂಜೆ ನಗಲಿಲ್ಲ. ನಾಳೆ ಕೋವಿ ತರುವುದಾಗಿಯೂ, ಹೆದರಿಸಲು ಮೇಲಕ್ಕೆ ಮಾತ್ರ ಹೊಡೆಯುವುದಾಗಿಯೂ ತಿಳಿಸಿದನು.

ಏಪ್ರಿಲ್ 9ರ ಬೆಳಿಗ್ಗೆ ಸುಮಾರು 6 ಗಂಟೆ 10 ನಿಮಿಷಕ್ಕೆ ನಾನೂ ಮಗುವೂ ಬೇಲಿಯ ಬಳಿ ಇದ್ದೆವು. ಅಲ್ಲಿಂದ ಹೊಲಕ್ಕೆ ಸುಮಾರು 60 ಮೀಟರ್ ದೂರವಿದೆ. ಬೂರುಗದ ಮರ ಖಾಲಿಯಿತ್ತು. ಗಿಣಿಗಳು ಮೇಯುವಾಗ ಸದ್ದು ಮಾಡುವುದಿಲ್ಲ, ಹಸಿರು ಜೋಳದಲ್ಲಿ ಕಾಣುವುದೂ ಇಲ್ಲ. ಎರಾಸ್ಮೊ ಬದುವಿನಲ್ಲಿ ನಿಂತು ಕೋವಿಯನ್ನು ತೆನೆಗಳಿಗಿಂತ ಮೇಲಕ್ಕೆ, ಬರೀ ಆಕಾಶಕ್ಕೆ ಹಿಡಿದಿದ್ದನು. ನಾನು ಅದನ್ನು ಕಂಡು ಮಗುವಿನ ಭುಜ ಹಿಡಿಯುವಷ್ಟರಲ್ಲಿ ಮಗು 'ಪಂಚೊ, ಬಾ' ಎಂದು ಕೂಗಿತು. ಜೋಳದೊಳಗಿನಿಂದ ಪಂಚೊ ಓಗೊಟ್ಟಿತು. ಓಗೊಟ್ಟು ಮೇಲೆದ್ದಿತು, ಅದರ ಹಿಂದೆ ಇಡೀ ಹಿಂಡು ಎದ್ದಿತು. ಈಡು ಹಾರಿತು.

ಚರೆ ತಾಗಿ ನಾಲ್ಕು ಗಿಣಿಗಳು ಬಿದ್ದವು. ಉಳಿದವು ಓಡಿಹೋಗದೆ ಬಿದ್ದವುಗಳ ಮೇಲೆ ಕೂಗುತ್ತ ಸುತ್ತಿದವು. ಎರಾಸ್ಮೊ ಇನ್ನೊಂದು ಈಡು ಹೊಡೆಯಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಅವನು ಪಂಚೊವನ್ನು ಟೋಪಿಯಲ್ಲಿಟ್ಟುಕೊಂಡು ಬಂದು, 'ಕೊಮಾದ್ರೆ, ಮೇಲಕ್ಕೇ ಹೊಡೆದೆ ನಾನು, ಮೇಲಕ್ಕೇ' ಎಂದು ಹೇಳುತ್ತಲೇ ಇದ್ದನು. ಮಗು ಟೋಪಿಯೊಳಗೆ ಬಗ್ಗಿ ನೋಡಿ 'ಬಾ' ಎಂದಿತು. ಆ ಮೇಲೆ ಮಾತು ನಿಂತಿತು.

ಅಂದಿನಿಂದ ಮಗು ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡೇ ಕೂರುತ್ತಿತ್ತು. ಗಂಜಿ ಕುಡಿಸಲು ಆ ಕೈಯನ್ನು ನಾನು ಬಿಡಿಸಬೇಕಾಗುತ್ತಿತ್ತು. ಐದು ವರ್ಷದ ಕೂಸಿಗೆ ಏನು ಅರ್ಥವಾಗಿತ್ತು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಶುಕ್ರವಾರ ಪೊಲೀಸರು ಹೋದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ನೀನು ಕರೆದದ್ದಕ್ಕೆ ಎದ್ದಿದ್ದಲ್ಲ ಕಣೆ. ನಮ್ಮ ಕಪಿತಾನ್ ಬೊಗಳ್ದ, ಅದಕ್ಕೆ ಹೆದರಿ ಎದ್ವು. ನಿಂಗೆ ಕೇಳಿಸ್ಲಿಲ್ವಾ?' ಎಂದು ಹೇಳಿದೆನು. ಕಪಿತಾನ್ ನಮ್ಮ ನಾಯಿ. ಆ ಹೊತ್ತಿಗೆ ಅದು ಒಲೆಯ ಪಕ್ಕ ಮಲಗಿ ನಿದ್ದೆ ಮಾಡುತ್ತಿತ್ತು.

ನಿನ್ನೆ ಬೆಳಿಗ್ಗೆ ಕಪಿತಾನ್ ಬಾಲ ಆಡಿಸುತ್ತ ಹೊಸಿಲಿಗೆ ಬಂದಾಗ ಯಾದಿರಾ ಬಾಯಿಂದ ಕೈ ತೆಗೆದು 'ಹೋಗು' ಎಂದಳು. ಅದು ಹೋಗಲಿಲ್ಲ. ಕಾಲಿನಿಂದ ನೂಕಿ ಮತ್ತೆ 'ಹೋಗು' ಎಂದಳು. ಮಧ್ಯಾಹ್ನ ನೀರು ಕೇಳಿದಳು. ನಾಯಿ ಈಗ ಬೇಲಿಯ ಆಚೆ ಮಲಗುತ್ತದೆ, ಯಾಕೆಂದು ಅದಕ್ಕೆ ಗೊತ್ತಿಲ್ಲ. ಮಗು ನೋಡದಿರುವಾಗ ನಾನು ಅದಕ್ಕೆ ಅನ್ನ ಹಾಕಿ, ತಲೆ ಸವರಿ ಬರುತ್ತೇನೆ.

ಎರಾಸ್ಮೊನ ಮೇಲೆ ನನಗೆ ದ್ವೇಷವಿಲ್ಲ. ಹಕ್ಕಿ ಸಾಕಿದ್ದಕ್ಕೆ ನನಗೆ ಶಿಕ್ಷೆಯಾಗುವುದಿದ್ದರೆ ಆಗಲಿ. ಗಿಣಿಗಳು ಯಾಕೆ ಎದ್ದವು ಎಂದು ಮಗುವಿನ ಎದುರು ಮಾತು ಬಂದರೆ ನಾಯಿ ಬೊಗಳಿತು ಎನ್ನಲು ಅವನೂ ಒಪ್ಪಿದ್ದಾನೆ. ನೀವೂ ಒಪ್ಪಬೇಕು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ನಾಯಿ ಬೊಗಳಿತು ಎಂಬುದೊಂದು ಮಾತ್ರ ಸುಳ್ಳು. ಅದು ಸುಳ್ಳೆಂದು ಯಾದಿರಾಗೆ ಯಾರೂ ಯಾವತ್ತೂ ಹೇಳಬಾರದು.

ಸ್ಥಳ: ಸಪೊತಿಯೊ
ದಿನಾಂಕ: 15 ಏಪ್ರಿಲ್ 2019
ಸಹಿ: ಇಸೊಲಿನಾ ಯಗುವಾನ