ನಂಬಿಗಸ್ತಳು ನಾನಲ್ಲ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಆಡಳಿತ ಸಮಿತಿಯ ಹಿರಿಯರೇ, ಪೂಜ್ಯ ಪಾದ್ರಿಗಳೇ, ಮುಂದಿನ ಸಾಲಿನಲ್ಲಿರುವ ನಮ್ಮ ಮುಖ್ಯೋಪಾಧ್ಯಾಯಿನಿಯವರೇ, ಹೆತ್ತವರೇ, ಮಕ್ಕಳೇ, ಸಭಿಕರೇ,

ಕಿವುಡ ಮಕ್ಕಳ ಈ ಶಾಲೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೆರಡು ವರ್ಷ ದುಡಿದವಳ ಕೈಗೆ ಇಂದು ಮೈಕು ಕೊಟ್ಟಿದ್ದೀರಿ. ಐದು ನಿಮಿಷ ಎಂದಿದ್ದೀರಿ. ಭಾಷಣ ಬೇಸರವಾದರೆ ನಮ್ಮ ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಿವಿ ಇರುವ ನಿಮಗೆ ಆ ಅನುಕೂಲವಿಲ್ಲ, ಸಹಿಸಿಕೊಳ್ಳಬೇಕು.

ಕಾರ್ಯದರ್ಶಿಗಳು ಈಗತಾನೇ ಓದಿದ ಸನ್ಮಾನ ಪತ್ರದಲ್ಲಿ ನನ್ನನ್ನು ‘ನಂಬಿಗಸ್ತ ತಾಯಿ’ ಎಂದು ಕರೆದಿದ್ದೀರಿ. ಅಕ್ಷರ ಮುದ್ದಾಗಿದೆ, ಚೌಕಟ್ಟು ಇನ್ನೂ ಚೆನ್ನಾಗಿದೆ. ಆದರೆ ಮಾತು ಸುಳ್ಳು. ಸನ್ನೆಯಲ್ಲಿ ಹೇಳುತ್ತಿರುವ ಮೇಷ್ಟ್ರೇ, ಕೈ ನಿಲ್ಲಿಸಬೇಡಿ. ಒಂದಕ್ಷರವೂ ಬಿಡದೆ ಹೇಳಿ. ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಕಿವಿ ಕೇಳಿಸುವುದಿಲ್ಲ. ಅವರು ನನ್ನ ಮಗಳು.

ಅವಳಿಗೆ ಕೇಳಿಸುವುದಿಲ್ಲವೆಂದು ಗೊತ್ತಾದಾಗ ನನಗೆ ಇಪ್ಪತ್ತೆರಡು, ಅವಳಿಗೆ ಮೂರು. ಗಂಡ ಬಿಟ್ಟುಹೋಗಿದ್ದ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪ್ರಾರ್ಥನಾ ಕೂಟದಿಂದ ಕೂಟಕ್ಕೆ ಅಲೆದೆ. ತಲೆಯ ಮೇಲೆ ಕೈಯಿಟ್ಟರು, ಎಣ್ಣೆ ಹಚ್ಚಿದರು. ಗುಣವಾಗಲಿಲ್ಲ. ನಮ್ಮ ಚರ್ಚಿನ ಹಿರಿಯರೊಬ್ಬರು, “ನಿನ್ನ ನಂಬಿಕೆ ಸಾಲ್ದು ಕಣಮ್ಮ, ಅದಕ್ಕೇ ದೇವರು ಕೇಳಿಸ್ಕೊಳ್ತಿಲ್ಲ” ಎಂದರು. ಹಾಗಾದರೆ ದೇವರೂ ಕಿವುಡನೇ ಎಂದುಕೊಂಡೆ. ಮರುವಾರವೇ ಮಗುವನ್ನು ಇಲ್ಲಿಗೆ ಕರೆತಂದು, ಅರ್ಜಿಗೆ ಸಹಿ ಹಾಕಿ, ಭಾನುವಾರ ಬರುತ್ತೇನೆಂದು ಹೇಳಿ ಹೋದೆ.

ಎಷ್ಟು ಭಾನುವಾರ ಬಂದೆ? ಒಂದೂ ಇಲ್ಲ. ನಾಲ್ಕು ವರ್ಷ ಬರಲಿಲ್ಲ. ಕಾಯಿಲೆ ಬಿದ್ದಿರಲಿಲ್ಲ, ಯಾರೂ ತಡೆದಿರಲಿಲ್ಲ. ಬೇರೊಂದು ಊರಿನ ಗುಂಡಿ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗಳನ್ನು ಆರಿಸುತ್ತಾ ಕುಳಿತಿದ್ದೆ. “ಮಕ್ಕಳಿದ್ದಾವಾ?” ಎಂದು ಪಕ್ಕದವಳು ಕೇಳಿದಾಗ ಇಲ್ಲವೆಂದೆ. ಮೇಲ್ವಿಚಾರಕಿ ಕೇಳಿದಾಗಲೂ ಇಲ್ಲವೆಂದೆ. ಎಷ್ಟು ಸಲೀಸಾಗಿ ಬಂತು ಗೊತ್ತೇ ಆ ಮಾತು! ಆದರೆ ಹೊಸದಾಗಿ ಸೇರಿದವಳೊಬ್ಬಳು ಕೇಳಿದ ದಿನ ಮೂರನೆಯ ಸಲ ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಗುಂಡಿಯ ತಟ್ಟೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಇಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯ ಸೆರಗಿನ ಹಿಂದೆ ಏಳು ವರ್ಷದ ನನ್ನ ಮಗಳು ಅವಿತುಕೊಂಡಳು. ನಾನು ಯಾರೆಂದು ಅವಳಿಗೆ ತಿಳಿಯಲಿಲ್ಲ. ‘ಅಮ್ಮ’ ಎಂದು ಸನ್ನೆ ಮಾಡಿ ಅವಳು ತೋರಿಸಿದ್ದು ಆ ಅಜ್ಜಿಯನ್ನು. ಪ್ರತಿ ಭಾನುವಾರ ನನ್ನ ಬದಲು ಅವಳ ತಲೆ ಬಾಚಿ, ನನ್ನ ದಾರಿ ಕಾಯಲು ಗೇಟಿನವರೆಗೆ ಕೈಹಿಡಿದು ನಡೆಸುತ್ತಿದ್ದವರು ಅವರೇ.

“ಬಂದ್ಯಾ? ನಿಂತ್ಕೊಂಡು ಅಳಬೇಡ” ಎಂದರು ಅಜ್ಜಿ. “ಹೊದಿಕೆ ರಾಶಿ ಬಿದ್ದಿದೆ. ಆ ತುದಿ ಹಿಡ್ಕೋ, ಹಿಂಡೋಣ.”

ಹಿಂಡುತ್ತಾ ಕೇಳಿದೆ: “ನಾ ಬರ್ತೀನಿ ಅಂತ ನಂಬಿದ್ರಾ ಅಜ್ಜಿ?”

“ನಿನ್ನನ್ನ ನಂಬೋಕೆ ನೀನೇನು ಉಳಿಸಿ ಹೋಗಿದ್ದೆ? ನಾ ನಂಬಿದ್ದು ದೇವರನ್ನ. ಆತ ಇವಳನ್ನೂ ಬಿಡಲ್ಲ, ನಿನ್ನನ್ನೂ ಬಿಡಲ್ಲ ಅಂತ. ಇನ್ನೂ ತಿರುಚು, ನೀರಿದೆ.”

ಮಗಳು ತನ್ನ ತಲೆ ಬಾಚಲು ನನಗೆ ಬಿಟ್ಟಿದ್ದು ಹನ್ನೊಂದು ತಿಂಗಳ ನಂತರ.

ನನ್ನ ನಂಬಿಕೆ ಸಾಲದೆಂದ ಹಿರಿಯರು ಇಂದು ಈ ಸಭೆಯಲ್ಲಿದ್ದರೆ ಕೇಳಿಸಿಕೊಳ್ಳಲಿ: ನಿಜ, ಸಾಲದು! ಅಂದೂ ಸಾಲಲಿಲ್ಲ, ಇಂದೂ ಸಾಲದು. ಆದರೆ ನಾನು ಮಾತಿಗೆ ತಪ್ಪಿದರೆ ಕ್ರಿಸ್ತನೂ ತಪ್ಪಬೇಕೇ? ನಾನು ಮಗುವನ್ನು ಇಲ್ಲವೆಂದೆ. ಆತನು ನನ್ನನ್ನು ಒಂದು ದಿನವೂ ಇಲ್ಲವೆನ್ನಲಿಲ್ಲ. ನನ್ನ ಭರವಸೆ ನನ್ನ ಮೇಲೆ ನಿಂತಿದ್ದರೆ ಎಂದೋ ಮಣ್ಣುಪಾಲಾಗುತ್ತಿತ್ತು.

ಇನ್ನೊಂದು ಮಾತಿದೆ, ಅಧ್ಯಕ್ಷರೇ. ಗಡಿಯಾರ ನೋಡಬೇಡಿ. ಕಳೆದ ವಾರ ಸೂಚನಾ ಫಲಕಕ್ಕೆ ಹೊಸ ನಿಯಮ ಬಂದಿದೆ: ಎರಡು ವರ್ಷ ಮಗುವನ್ನು ನೋಡಲು ಬಾರದ ತಂದೆತಾಯಿಗೆ ಮುಂದೆ ಎಂದೂ ಪ್ರವೇಶವಿಲ್ಲ. ಕೆಳಗೆ ನನ್ನ ಮಗಳ ಸಹಿ. ಹೆತ್ತವರ ಭೇಟಿ ಬರೆದಿಡುವ ಹಳೆಯ ಪುಸ್ತಕ ಅವಳ ಬೀರುವಿನಲ್ಲೇ ಇದೆ. ನನ್ನ ನಾಲ್ಕು ವರ್ಷ ಅದರಲ್ಲಿ ಖಾಲಿ ಬಿದ್ದಿದೆ. ಅವಳು ಎಂದೂ ಕೇಳಲಿಲ್ಲ, ನಾನು ಎಂದೂ ಹೇಳಲಿಲ್ಲ. ಇಂದು ಹೇಳಿದ್ದೇನೆ.

ಮಗಳೇ, ನೀನು ಹಾಗೆ ಬರೆದದ್ದಕ್ಕೆ ಕಾರಣ ನಾನು. ನನ್ನ ಮೇಲಿನ ಸಿಟ್ಟು ನಿನ್ನದು, ನ್ಯಾಯವಾದದ್ದು, ಇಟ್ಟುಕೋ. ಆದರೆ ಆ ನಿಯಮವನ್ನು ನಾನು ಒಪ್ಪುವುದಿಲ್ಲ. ಬಾರದವರನ್ನು ಬೈಯಿರಿ, ಬಂದ ಮೇಲೆ ಒದ್ದೆ ಹೊದಿಕೆಯ ರಾಶಿಯ ಮುಂದೆ ನಿಲ್ಲಿಸಿ. ಗೇಟು ಮಾತ್ರ ಮುಚ್ಚಬೇಡಿ. ದೇವರು ಮುಚ್ಚದ ಬಾಗಿಲನ್ನು ಸಮಿತಿ ಮುಚ್ಚುವುದುಂಟೇ? ಆ ಕಾಗದ ಅಲ್ಲಿರುವವರೆಗೆ ಈ ಸನ್ಮಾನ ಪತ್ರ ಇಲ್ಲೇ ಮೇಜಿನ ಮೇಲಿರಲಿ. ನಾನು ಮುಟ್ಟುವುದಿಲ್ಲ.

ಕ್ಷಮಿಸಿ, ಎರಡು ನಿಮಿಷ ಹೆಚ್ಚಾಯಿತು. ಮುಗಿಸುತ್ತೇನೆ. ನನ್ನ ಮಗಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ನೆಲಕ್ಕಿಟ್ಟಿದ್ದಾಳೆ. ನನ್ನತ್ತ ನೋಡುತ್ತಿಲ್ಲ, ಮುಖ ಬಿಗಿದೇ ಇದೆ. ಆದರೆ ಕುರ್ಚಿ ಖಾಲಿಯಾಗಿದೆ. ನಾನು ಅಲ್ಲಿಗೆ ಹೋಗಬೇಕು. ಕೇಳಿದವರಿಗೂ ನೋಡಿದವರಿಗೂ ಉಪಕಾರ. ನಮಸ್ಕಾರ.