ಭಾನುವಾರ ಮಾತ್ರ ಕೈಕೊಡೋ ನೆಟ್ಟು

ಅಯ್ಯೋ, ಅದಕ್ಕೆ ಬಡೀಬೇಡಿ ಅಂಕಲ್! ಹಳೇ ಟೀವಿ ಅಲ್ಲ ಅದು, ರೂಟರು! ಬಡಿದ್ರೆ ನೆಟ್ಟು ಜೋರಾಗುತ್ತಾ? ನೀವು ಸುಮ್ನೆ ಕೂತ್ಕೊಳ್ಳಿ. ಈ ಧರ್ಮೇಂದ್ರನ್ನ ಮೇಲ್ಗಡೆ ಬಾಡಿಗೆಗೆ ಇಟ್ಕೊಂಡಿದ್ದೀರಲ್ಲ, ಇಂಥ ಟೈಮಿಗೆ ಆಗ್ದೆ ಇನ್ಯಾವಾಗ ಆಗ್ಲಿ ನಾನು?

ಗೊತ್ತು, ಗೊತ್ತು. ಐದು ಗಂಟೆಗೆ ಭಿಲಾಯಿಯಿಂದ ಆ ಇಂಜಿನಿಯರ್ ಹುಡುಗ ಕ್ಯಾಮೆರಾ ಮುಂದೆ ಬರ್ತಾನೆ. ಇವತ್ತೂ ನೆಟ್ಟು ಕೈಕೊಟ್ರೆ ಭದ್ರಾವತಿಲಿರೋ ಅವರಪ್ಪ ಅಮ್ಮ ಈ ಸಂಬಂಧನೇ ಬೇಡ ಅಂತಾರೆ. ನಂಗೂ ಅದೇ ಸಂಕಟ! ನಿಮ್ಮ ಮಗಳು ಇಂಪನಾ ಮದುವೆ ಅಂದ್ರೆ... ನಮ್ಮನೆ ಮದುವೆ ಇದ್ದಂಗೆ ಅಲ್ವಾ?

ಯಾಕೆ ನಗ್ತೀರಾ? ಓ, ಹೋದ ಭಾನುವಾರದ್ದು ನೆನಪಾಯ್ತಾ! ನಮಸ್ಕಾರ ಅನ್ನೋಕೆ ಬಾಯಿ ತೆರೆದವನು ಸ್ಕ್ರೀನಲ್ಲಿ ಹಾಗೇ ನಿಂತ್ಬಿಟ್ನಲ್ಲ... ಹಲ್ಲಿನ ಡಾಕ್ಟ್ರ ಮುಂದೆ ಕೂತಂಗೆ! ಆಂಟಿ ಪಾಪ, ಹತ್ರ ಹೋಗಿ ನೋಡಿ 'ಹಲ್ಲೆಲ್ಲ ಚೆನ್ನಾಗಿವೆ' ಅಂದ್ರು. ನಾನೇನೂ ಹೇಳ್ತಿಲ್ಲಪ್ಪ, ಆದ್ರೆ ಮುಖದಲ್ಲಿ ಅಷ್ಟೇನೂ ಕಳೆ... ಸರಿ ಸರಿ, ರೂಟರ್ ನೋಡ್ತೀನಿ.

ಅಬ್ಬಬ್ಬಾ! ಏನಂಕಲ್ ಇದು? ಗಾಳಿ ಹೋಗೋ ತೂತಿನ ತುಂಬ ಕುಂಕುಮ! ಆಯುಧಪೂಜೆಗೆ ಹಚ್ಚಿದ್ದಾ? ವಿಭೂತಿ ಬೇರೆ! ಮೇಲೊಂದು ಉಲ್ಲನ್ ಕವರು! ಪೂಜೆ ಮಾಡಿ, ಬೇಡ ಅನ್ನಲ್ಲ, ಆದ್ರೆ ಉಸಿರಾಡೋಕೆ ಬಿಡಿ ಮಾರಾಯ್ರೆ! ಇದೇ ನೋಡಿ ಕಾರಣ.

ಏನು? ಕುಂಕುಮ ವಾರವೆಲ್ಲ ಇರುತ್ತೆ, ಭಾನುವಾರ ಮಾತ್ರ ಯಾಕೆ ನಿಧಾನ ಅಂತೀರಾ? ಅದು... ಭಾನುವಾರ ಇಡೀ ಹೊಸಮನೆ ಬಡಾವಣೆ ನೆಟ್ಟಿಗೆ ಬಿದ್ದಿರುತ್ತೆ ಅಂಕಲ್! ಪಕ್ಕದ ಮನೆ ಏಕಾಂತಪ್ಪನೋರದ್ದು ಚೆನ್ನಾಗಿ ಓಡುತ್ತಾ? ಅವರದ್ದು ಬೇರೆ ಕಂಬದ ಲೈನಿರ್ಬೇಕು. ಒಂದೇ ಕಂಬನಾ? ಹಾಗಾದ್ರೆ... ನಿಮ್ಮ ಕಂಪ್ಯೂಟರಿಗೇ ವಯಸ್ಸಾಗಿದೆ ಬಿಡಿ.

ನನ್ನ ಲ್ಯಾಪ್‌ಟಾಪಲ್ಲಿ ನೋಡೋಣ ಅಂತೀರಾ? ಬೇಡ ಬೇಡ! ಅದರ ಬ್ಯಾಟ್ರಿ ಸತ್ತಿದೆ... ಅಂಕಲ್, ಬ್ಯಾಗ್ ಬಿಡಿ, ಅದ್ರಲ್ಲಿ ಬರೀ ಸ್ಕ್ರೂಡ್ರೈವರ್... ಅಯ್ಯೋ, ತೆಗೆದೇಬಿಟ್ರಲ್ಲ!

ಹ್ಞಾಂ... ಆನ್ ಆಗೇ ಇದೆ. ಬ್ಯಾಟ್ರಿ ಬದುಕ್ತು ನೋಡಿ! ಅದಾ? ಅದು ಸಿನಿಮಾ. ಇಳೀತಾ ಇದೆ. ಒಂದಲ್ಲ... ಸುಮಾರಿವೆ. ಯಾವ ನೆಟ್ಟಿಂದ ಅಂದ್ರೆ... ಅಲ್ಲೇ ಬರೆದಿದೆಯಲ್ಲ, ಉಜ್ಜನಪ್ಪ ಅಂತ. ನಿಮ್ಮ ಹೆಸರೇ.

ಬೆರಳು ಮಡಚಿ ಏನು ಎಣಿಸ್ತಿದ್ದೀರಾ?

ಅಂಕಲ್... ಬೈದುಬಿಡಿ. ಪಾಸ್‌ವರ್ಡು ನಿಮಗೂ ಇಂಪನಾಗೂ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ, ಅದೇ ತಾನೇ ಯೋಚ್ನೆ ಮಾಡ್ತಿರೋದು? ಅಡುಗೆಮನೆ ಕಡೆ ನೋಡ್ಬೇಡಿ. ಅವಳನ್ನ ಏನೂ ಅನ್ಬೇಡಿ. 'ಆ ಹುಡುಗ ಬರೋ ಹೊತ್ತಿಗೆ ಏನಾದ್ರೂ ಮಾಡು' ಅಂತ ಅತ್ಳು ಅಂಕಲ್. ನಂಗೆ ಮಾಡೋಕೆ ಬಂದಿದ್ದು ಇದೊಂದೇ. ನಿಮ್ಮ ಮುಂದೆ ಬಂದು ಕೇಳೋ ಧೈರ್ಯ ಇದ್ದಿದ್ರೆ ಇಷ್ಟೊಂದು ದರಿದ್ರ ಸಿನಿಮಾ ಯಾಕೆ ಇಳಿಸ್ತಿದ್ದೆ? ಅವಳಿಲ್ದೆ ನಂಗೆ ಆಗಲ್ಲ ಅಂಕಲ್.

ಅಯ್ಯೋ... ರಿಂಗಾಗ್ತಿದೆ. ಅವನೇ.

ನೋಡಿ, ಎಲ್ಲಾ ನಿಲ್ಲಿಸ್ದೆ. ಇನ್ನು ನೆಟ್ಟು ಕುದುರೆ ಥರ ಓಡುತ್ತೆ, ಮುಖ ಚೆನ್ನಾಗಿ ಕಾಣುತ್ತೆ... ಎತ್ಲಾ ಅಂಕಲ್?

ಎತ್ಲಾ, ಬೇಡ್ವಾ?