ಇಬ್ಬರನ್ನೂ ಒಟ್ಟಿಗೇ ಕರೀತೀವಿ

ವೀಸಾ ಬಂದಿದೆ, ನನ್ನ ಗಂಡ ಪ್ರಥಮ್ ಇರುವ ಊರಿಗೆ ಹೋಗುತ್ತಿದ್ದೇನೆ. ಕ್ಷಮಿಸಿ, ಮೊದಲು ಸಭೆಗೆ ಮರ್ಯಾದೆ, ಆಮೇಲೆ ಸುದ್ದಿ ಎಂದು ಅಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಖುಷಿ ತಡೆಯಲಾಗದೆ ದಾರಿಯಲ್ಲಿ ಪೆಟ್ರೋಲ್ ಬಂಕಿನ ಕ್ಯಾಷಿಯರಿಗೂ ಹೇಳಿ ಬಂದಿದ್ದೇನೆ.

ಸಂಘದ ಅಧ್ಯಕ್ಷರಾದ ಬಾಲಕೃಷ್ಣ ಅಂಕಲ್ ಅವರೇ, ಶಾಲು ಹೊದಿಸಿದ ಜಯಲಕ್ಷ್ಮಿ ಆಂಟಿಯವರೇ, ಪರ್ತ್‌ನ ನನ್ನ ಪ್ರೀತಿಯ ಸಭಿಕರೇ, ಈ ವರ್ಷ ಮದುವೆಯಾದವರನ್ನು ಸನ್ಮಾನಿಸುವ ವೇದಿಕೆಯಲ್ಲಿ ಮಾಲವಿಕಾ ಎಂಬ ನಾನು ಒಬ್ಬಳೇ ನಿಂತಿದ್ದೇನೆ. ಉಳಿದವರೆಲ್ಲ ಜೋಡಿ. ನನ್ನ ಪಕ್ಕದ ಕುರ್ಚಿಯಲ್ಲಿ ಪ್ರಥಮ್‌ನ ಶಾಲು ಕುಳಿತಿದೆ. ಅದೂ ಅವನಷ್ಟೇ ಕಡಿಮೆ ಮಾತನಾಡುತ್ತದೆ.

ಪ್ರಥಮ್ ಭೂವಿಜ್ಞಾನಿ. ನಾನು ಮದುವೆಯಾಗಿ ಇಲ್ಲಿ ಹ್ಯಾರಿಸ್‌ಡೇಲ್‌ಗೆ ಬಂದ ಕೆಲವೇ ವಾರಗಳಲ್ಲಿ ಕಂಪನಿ ಅವನನ್ನು ಆಫ್ರಿಕಾದ ಕಿಟುಂಬೆಗೆ ಕಳಿಸಿತು. ಅಲ್ಲಿ ಸಿಂಹ ಇದೆಯೇ ಎಂದು ನೀವೆಲ್ಲ ಕೇಳಿದ್ದೀರಿ. ಇಲ್ಲ. ಬೆಟ್ಟದ ಮೇಲಿನ ಪುಟ್ಟ ಊರು, ಬೇಸಿಗೆಯಲ್ಲೂ ಸ್ವೆಟರ್, ಸುತ್ತ ಆಲೂಗಡ್ಡೆ ಹೊಲ, ನೆಲದಡಿ ತವರದ ಅದಿರು. ಮಣ್ಣಿನಲ್ಲಿ ಕಾಗೆಬಂಗಾರ ಎಷ್ಟಿದೆಯೆಂದರೆ ಮಳೆ ನಿಂತ ಮೇಲೆ ರಸ್ತೆಯೇ ಮಿನುಗುತ್ತದಂತೆ. ಒಮ್ಮೆ ರಜೆಗೆ ಬಂದಾಗ ಅವನ ಬೂಟಿನಿಂದ ಆ ಪುಡಿ ನಮ್ಮ ಬಾಗಿಲ ಬಳಿ ಉದುರಿತು. ಆ ಮೂಲೆಯೊಂದನ್ನು ನಾನು ಇನ್ನೂ ಗುಡಿಸಿಲ್ಲ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ.

ನಿಮ್ಮ ಪ್ರೀತಿಗೆ ಏನು ಹೇಳಲಿ? ಹೊಸ ಜೋಡಿಯನ್ನು ಮನೆಮನೆಗೆ ಊಟಕ್ಕೆ ಕರೆಯುವ ಪದ್ಧತಿಯನ್ನು ನೀವು ಇಲ್ಲಿಯೂ ಬಿಟ್ಟಿಲ್ಲ. ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಪಾರ್ಕಿಂಗ್‌ನಲ್ಲಿ ಸಿಕ್ಕವರೆಲ್ಲ ಕರೆದಿದ್ದೀರಿ. ಮೊದಲು ಕರೆದದ್ದು ಜಯಲಕ್ಷ್ಮಿ ಆಂಟಿ. "ಪ್ರಥಮ್ ಬರ್ಲಿ ಕಣಮ್ಮ, ಇಬ್ರನ್ನೂ ಒಟ್ಟಿಗೇ ಕರೀತೀವಿ. ಹೊಸ ಮದುಮಗಳನ್ನ ಒಬ್ಳನ್ನೇ ಕೂರ್ಸಿ ಬಡಿಸಿದ್ರೆ ಚೆನ್ನಾಗಿರಲ್ಲ." ಬಾಲಕೃಷ್ಣ ಅಂಕಲ್ ಸೇರಿಸಿದರು: "ಹಿತ್ತಲಲ್ಲಿ ಬಾರ್ಬಿ ಒಲೆ ಹಚ್ಚಿ ಬದನೆಕಾಯಿ ಸುಡೋಣ. ನಿನ್ ಗಂಡ ಬರೋದ್ರೊಳಗೆ ಅದು ತುಕ್ಕು ಹಿಡಿದ್ರೆ ನನ್ನ ಬೈಬೇಡ." ವಿಲೆಟನ್‌ನವರದ್ದೂ ಅದೇ ಮಾತು, ಕ್ಯಾನಿಂಗ್ ವೇಲ್‌ನವರದ್ದೂ ಅದೇ ಮಾತು. ಅವನು ಬಂದದ್ದು ಆ ಒಂದೇ ಸಲ, ಜ್ವರ ಹೊತ್ತುಕೊಂಡು. ರಜೆಯೆಲ್ಲ ಮಲಗಿಯೇ ಇದ್ದ. ಹಾಗಾಗಿ ನಿಮ್ಮ ಕರೆಗಳೆಲ್ಲ ಹಾಗೇ ಉಳಿದಿವೆ. ನಿಮ್ಮ ಅಡುಗೆಮನೆಗಳು ನನಗೆ ಗ್ರೂಪಿನ ಫೋಟೋಗಳಲ್ಲಿ ಗೊತ್ತು. ಚೆನ್ನಾಗಿವೆ. ನಾನು ಸಾರು ಮಾಡಿಕೊಂಡು, ರೇಡಿಯೋ ಹಾಕಿಕೊಂಡು ಉಣ್ಣುತ್ತೇನೆ. ರೇಡಿಯೋದವರು ತುಂಬ ಮಾತನಾಡುತ್ತಾರೆ, ಒಳ್ಳೆಯವರು.

ಕಿಟುಂಬೆಯಲ್ಲಿ ಪ್ರಥಮ್‌ಗೆ ಕೋಣೆ ಬಾಡಿಗೆಗೆ ಕೊಟ್ಟಿರುವವರು ರೆಹೆಮಾ ಆಂಟಿ. ವಿಡಿಯೋ ಕಾಲ್‌ನಲ್ಲಿ ಅವರಿಗೆ ನಮ್ಮ ಈ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದೆ. ಅವರು ಕೇಳಿದ್ದು ಇಷ್ಟೇ: "ಅಲ್ಲಿಯವರೆಗೆ ನೀನು ಯಾರ ಜೊತೆ ಊಟ ಮಾಡ್ತೀಯ?" ನೆಟ್‌ವರ್ಕ್ ಹೋಗುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಮರುದಿನ ಅವರೇ ಕರೆ ಮಾಡಿದರು. "ನಿನ್ನ ಗಂಡ ಗಣಿಯಲ್ಲೇ ಇರಲಿ ಬಿಡು. ನೀನು ಬಾ, ನಾವಿಬ್ಬರು ಉಣ್ಣೋಣ."

ನನ್ನನ್ನು ಒಬ್ಬಳನ್ನೇ ಊಟಕ್ಕೆ ಕರೆದವರು ಅವರೊಬ್ಬರೇ. ಅಂದೇ ವೀಸಾಕ್ಕೆ ಅರ್ಜಿ ಹಾಕಿದೆ.

ಶಾಲಿಗೆ, ಕರೆಗಳಿಗೆ, ಇಷ್ಟು ಹೊತ್ತು ನನ್ನ ಮಾತು ಕೇಳಿದ್ದಕ್ಕೆ ಧನ್ಯವಾದಗಳು, ಎಲ್ಲರಿಗೂ ನಮಸ್ಕಾರ. ಪ್ರಥಮ್‌ನ ಶಾಲನ್ನು ನಾನೇ ಒಯ್ಯುತ್ತೇನೆ, ಅಲ್ಲಿ ಚಳಿ. ನಾನು ಹೋಗಿ ಇಳಿಯುವ ದಿನ ಅವನಿಗೆ ಪಾಳಿ ಇದೆ, ನಿಲ್ದಾಣಕ್ಕೆ ರೆಹೆಮಾ ಆಂಟಿ ಬರುತ್ತಾರೆ. ನಾನು ತಲುಪುವುದು ಶನಿವಾರ ಮಧ್ಯಾಹ್ನ, ಊಟದ ಹೊತ್ತಿಗೆ, ಅದಿರು ತರಲು ಖಾಲಿಯಾಗಿ ಬೆಟ್ಟ ಹತ್ತುವ ರೈಲಿಗೆ ಪ್ರಯಾಣಿಕರಿಗೆಂದು ಜೋಡಿಸುವ ಕೊನೆಯ ಬೋಗಿಯಲ್ಲಿ.